ಆ ತಂತಿ ಅಲ್ಲಿ ಏಕಿದೆ?

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತನನ್ನು ನೀವು ನೋಡಿರಬಹುದು. ಮಾರುವವನ ಗುಣಗಾನವನ್ನೆಲ್ಲ ಅವನು ತಾಳ್ಮೆಯಿಂದ ಕೇಳುತ್ತಾನೆ. ಆದರೆ ಅವನ ಕೈ ಹೋಗುವುದು ಎತ್ತಿನ ಬಾಯಿಗೆ. ತುಟಿ ಬಿಡಿಸಿ ಹಲ್ಲು ನೋಡುತ್ತಾನೆ. ಹೆಗಲಿನ ಜಡ್ಡು ಮುಟ್ಟಿ, ಗೊರಸು ಪರೀಕ್ಷಿಸಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲಷ್ಟೇ ಟವೆಲಿನ ಕೆಳಗೆ ಕೈ ಹಾಕಿ ವ್ಯಾಪಾರಕ್ಕಿಳಿಯುತ್ತಾನೆ. ಎತ್ತಿನ ವಯಸ್ಸು, ಅದು ಎಳೆದ ನೇಗಿಲು, ಹಿಂದಿನ ಯಜಮಾನ ಅದನ್ನು ನಡೆಸಿಕೊಂಡ ಬಗೆ, ಎಲ್ಲವೂ ಅದರ ಮೈಮೇಲೆಯೇ ಬರೆದಿರುತ್ತದೆ. ಓದಲು ಬರಬೇಕು ಅಷ್ಟೆ.

ಸೆಕೆಂಡ್‌ಹ್ಯಾಂಡ್ ಗಣಕಯಂತ್ರಕ್ಕೂ ಈ ಮಾತು ಹೊಂದುತ್ತದೆಯೇ? ಹಳೆಯ ಕಂಪ್ಯೂಟರುಗಳನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮದ ಸಿದ್ಧತೆಯಲ್ಲಿ ನಮಗೆ ಎದುರಾದ ಪ್ರಶ್ನೆ ಇದೇ. ಸ್ಟುಡಿಯೋದ ಮೇಜಿನ ಮೇಲಿಡಲು ಒಂದು ಹಳೆಯ ಯಂತ್ರ ಬೇಕಾಗಿತ್ತು. ಗುಜರಿ ಅಂಗಡಿಯೊಂದರಲ್ಲಿ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಸಿಕ್ಕಿತು. ಅದರ ಹಿಂಬದಿಯಲ್ಲಿ ಹೆಸರಿಲ್ಲದ ಒಂದು ಪುಟ್ಟ ಸ್ವಿಚ್ ಇತ್ತು. ಕೀಲಿಮಣೆಯ ಎಡಬದಿಯಲ್ಲಿ ಲಿವರ್ ಇರುವ ಒಂದು ಸಾಕೆಟ್ ಇತ್ತು. ಒಳಗೆ ಇಣುಕಿದರೆ, ಕಾರ್ಖಾನೆಯವರು ಹಾಕಿರಲಾರದಂಥ ಒಂದು ನೀಲಿ ತಂತಿ ಹಾದುಹೋಗಿತ್ತು. ಯಾರೋ ಈ ಯಂತ್ರವನ್ನು ಬಿಚ್ಚಿ ಮಾರ್ಪಡಿಸಿದ್ದರು. ಯಾರು, ಯಾವಾಗ, ಏಕೆ? ಹೇಳಲು ಯಾರೂ ಇರಲಿಲ್ಲ.

"ಆ ತಂತಿ ಕಿತ್ತು ಹಾಕಿಬಿಡೋಣ ಸಾರ್, ನೋಡಲು ಚೆನ್ನಾಗಿರುತ್ತದೆ" ಎಂದರು ನಮ್ಮ ತಂಡದ ಕಿರಿಯ ಸಹೋದ್ಯೋಗಿಯೊಬ್ಬರು. ನಾನು ಬೇಡವೆಂದೆ. ಅದಕ್ಕೊಂದು ಹಳೆಯ ಕಾರಣವಿದೆ.

ಕೊಯ್ದ ಮೂಗು

ನಾನು ಬಿ.ಎಸ್ಸಿ. ಓದುತ್ತಿದ್ದಾಗ ನಮ್ಮ ಪ್ರಯೋಗಾಲಯದ ಬೀರುವಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಬಿದ್ದಿತ್ತು. ಅದು ಕೆಲಸ ಮಾಡುತ್ತಿತ್ತು. ಅದನ್ನು ಒಪ್ಪವಾಗಿಸುವ ಉತ್ಸಾಹದಲ್ಲಿ ನಾನು ಮುಚ್ಚಳ ತೆಗೆದೆ. ಫಲಕದ ಮೇಲೆ ಯಾರೋ ಒರಟಾಗಿ ಬೆಸೆದಿದ್ದ ತಂತಿಯೊಂದು ಕಣ್ಣಿಗೆ ಬಿತ್ತು. ಅನಗತ್ಯವೆಂದು ಎರಡೂ ತುದಿ ಕತ್ತರಿಸಿ ತೆಗೆದೆ, ಬೆಸುಗೆಯನ್ನೂ ಒರೆಸಿ ಶುಚಿ ಮಾಡಿದೆ. ಯಂತ್ರ ಮತ್ತೆ ಏಳಲಿಲ್ಲ. ಸವೆದು ತುಂಡಾಗಿದ್ದ ತಾಮ್ರದ ಗೆರೆಯೊಂದಕ್ಕೆ ಆ ತಂತಿ ಸೇತುವೆಯಾಗಿದ್ದಿರಬೇಕು. ಮತ್ತೆ ಜೋಡಿಸೋಣವೆಂದರೆ ಅದರ ತುದಿಗಳು ಎಲ್ಲೆಲ್ಲಿ ಇದ್ದವೆಂಬುದನ್ನು ನಾನು ಬರೆದಿಟ್ಟುಕೊಂಡಿರಲಿಲ್ಲ.

ನಮ್ಮ ಅಧ್ಯಾಪಕರು ಬೈಯಲಿಲ್ಲ. "ತಂತಿ ಕಿತ್ತೆ, ಸರಿ. ಅದು ಅಲ್ಲಿ ಯಾಕಿತ್ತು ಅಂತ ಒಂದು ಸಲ ಕೇಳಿಕೊಂಡೆಯೇನಪ್ಪಾ?" ಎಂದರು, ಅಷ್ಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂಬ ಗಾದೆಯಿದೆಯಲ್ಲ, ಆತುರದಲ್ಲಿ ಕೊಯ್ದ ತಂತಿಯೂ ಹಾಗೆಯೇ. ಅಂದಿನಿಂದ ಆ ಪ್ರಶ್ನೆ ನನ್ನ ಜೊತೆಯಲ್ಲಿದೆ. ವಿದ್ಯಾರ್ಥಿ ಮಿತ್ರರೇ, ಈ ಲೇಖನದ ಸಾರವೂ ಆ ಪ್ರಶ್ನೆಯೇ.

ದೂರದರ್ಶನಕ್ಕಾಗಿ ಹುಟ್ಟಿದ ಕಂಪ್ಯೂಟರ್

ಮೂಲ ಹೇಗಿತ್ತೆಂದು ತಿಳಿಯದೆ ಬದಲಾವಣೆಯನ್ನು ಗುರುತಿಸಲಾಗದು. ಆದ್ದರಿಂದ ಮೊದಲು ಈ ಯಂತ್ರದ ಪರಿಚಯ ಮಾಡಿಕೊಳ್ಳೋಣ.

1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಪ್ರಸಾರ ಸಂಸ್ಥೆ ಬಿಬಿಸಿ ಸಾಮಾನ್ಯ ಜನರಿಗೆ ಗಣಕಜ್ಞಾನ ನೀಡುವ ಒಂದು ಯೋಜನೆ ಹಾಕಿಕೊಂಡಿತು. ದೂರದರ್ಶನದಲ್ಲಿ ಪಾಠ ನೋಡಿದವರು ಮನೆಯಲ್ಲಿ ಪ್ರಯೋಗ ಮಾಡಲು ಒಂದು ಯಂತ್ರ ಬೇಕಿತ್ತು. ಕೇಂಬ್ರಿಜ್‌ನ ಏಕಾರ್ನ್ ಎಂಬ ಕಂಪನಿಗೆ ಆ ಅವಕಾಶ ದೊರೆಯಿತು. ಬಿಬಿಸಿಯವರು ನೋಡಲು ಬರುತ್ತಾರೆಂದು ತಿಳಿದಾಗ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಮತ್ತು ಅವರ ಸಂಗಡಿಗರು ಒಂದೇ ವಾರದಲ್ಲಿ ಮಾದರಿ ಯಂತ್ರವನ್ನು ಕಟ್ಟಿ ನಿಲ್ಲಿಸಿದರು. 1981ರ ಕೊನೆಯಲ್ಲಿ ಬಿಬಿಸಿ ಮೈಕ್ರೋ ಮಾರುಕಟ್ಟೆಗೆ ಬಂತು. 1982ರ ಜನವರಿಯಲ್ಲಿ 'ದಿ ಕಂಪ್ಯೂಟರ್ ಪ್ರೋಗ್ರಾಮ್' ಎಂಬ ಸರಣಿಯ ಪ್ರಸಾರ ಆರಂಭವಾಯಿತು. ಒಟ್ಟು ಹದಿನೈದು ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾದವು. ಇದೇ ವಿಲ್ಸನ್ ಮತ್ತು ಫರ್ಬರ್ ಮುಂದೆ ಆರ್ಮ್ ಎಂಬ ಸಂಸ್ಕಾರಕವನ್ನು ರೂಪಿಸಿದರು. ಅದರ ಮೊದಲ ಚಿಪ್ ಕೆಲಸ ಮಾಡಿದ್ದು 1985ರಲ್ಲಿ. ಇಂದಿನ ಮೊಬೈಲ್ ಫೋನುಗಳ ಮಿದುಳು ಬಹುಪಾಲು ಇದೇ ವಂಶದ್ದು.

ನಮ್ಮ ದೇಶಕ್ಕೂ ಈ ಯಂತ್ರಕ್ಕೂ ನಂಟಿದೆ. 1984-85ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣಕ್ಕಾಗಿ 'ಕ್ಲಾಸ್' ಯೋಜನೆಯನ್ನು ಆರಂಭಿಸಿದಾಗ ಮಕ್ಕಳ ಮುಂದೆ ಬಂದದ್ದು ಬಿಬಿಸಿ ಮೈಕ್ರೋ. ಗುಜರಿಯವರು ನಮ್ಮ ಯಂತ್ರವನ್ನೂ "ಯಾವುದೋ ಸ್ಕೂಲಿಂದು ಸಾರ್" ಎಂದೇ ಮಾರಿದ್ದರು. ಆದರೆ ಮಾರುವವನ ಮಾತು ಸಾಕ್ಷಿಯಾಗದು. ಹಲ್ಲು ನೋಡಬೇಕು.

ಈ ಯಂತ್ರದ ಸಂಸ್ಕಾರಕ 6502. ಅದು ಒಟ್ಟು 65,536 ವಿಳಾಸಗಳನ್ನು, ಅಂದರೆ 64 ಕಿಲೋಬೈಟ್‌ಗಳನ್ನು ತಲುಪಬಲ್ಲದು. ಅದರಲ್ಲಿ ಮೊದಲ 32 ಕಿಲೋಬೈಟ್ ನಾವು ಬರೆದು ಅಳಿಸಬಹುದಾದ ರ‍್ಯಾಮ್. ಕೊನೆಯ 16 ಕಿಲೋಬೈಟ್ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಮೀಸಲು. ನಡುವಿನ 16 ಕಿಲೋಬೈಟ್ ಒಂದು ಕಿಟಕಿಯಿದ್ದಂತೆ. ಮುಖ್ಯ ಫಲಕದಲ್ಲಿ ಈ ಕಿಟಕಿಗಾಗಿ ನಾಲ್ಕು ಸಾಕೆಟ್‌ಗಳಿವೆ. ನಮ್ಮ ಸ್ಟುಡಿಯೋದಲ್ಲಿ ನಾಲ್ಕು ಕ್ಯಾಮೆರಾಗಳಿದ್ದರೂ ಒಂದು ಹೊತ್ತಿಗೆ ಪ್ರಸಾರಕ್ಕೆ ಹೋಗುವುದು ಒಂದೇ ಕ್ಯಾಮೆರಾದ ಚಿತ್ರ, ಅಲ್ಲವೇ? ಹಾಗೆಯೇ ಇಲ್ಲಿ ನಾಲ್ಕು ರಾಮ್ ಚಿಪ್‌ಗಳಿದ್ದರೂ ಒಂದು ಕ್ಷಣದಲ್ಲಿ ಸಂಸ್ಕಾರಕಕ್ಕೆ ಕಾಣುವುದು ಒಂದೇ. ಬೇಸಿಕ್ ಭಾಷೆ ಒಂದು ಚಿಪ್‌ನಲ್ಲಿ, ಫ್ಲಾಪಿ ಡಿಸ್ಕ್ ನಡೆಸುವ ತಂತ್ರಾಂಶ ಇನ್ನೊಂದರಲ್ಲಿ, ಹೀಗೆ. ಹವ್ಯಾಸಿಗಳ ಕೈಚಳಕವೆಲ್ಲ ಹೆಚ್ಚಾಗಿ ನಡೆಯುತ್ತಿದ್ದುದು ಈ ಸಾಕೆಟ್‌ಗಳ ಸುತ್ತ. ಇದನ್ನು ನೆನಪಿಡಿ.

ವಿದ್ಯುತ್ ಕೊಡುವ ಮುನ್ನ

ಹಳೆಯ ಯಂತ್ರ ಕೈಗೆ ಬಂದೊಡನೆ ಪ್ಲಗ್ ಚುಚ್ಚಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಆ ಕಾಲದ ಅನೇಕ ಯಂತ್ರಗಳ ವಿದ್ಯುತ್ ಪೂರೈಕೆ ಘಟಕದಲ್ಲಿ ಕಾಗದದ ಪದರವಿರುವ ಕೆಪಾಸಿಟರ್‌ಗಳಿವೆ. ವರ್ಷಗಳು ಕಳೆದಂತೆ ಅವುಗಳ ಹೊದಿಕೆ ಬಿರುಕು ಬಿಟ್ಟು ಗಾಳಿಯ ತೇವವನ್ನು ಹೀರುತ್ತದೆ. ವಿದ್ಯುತ್ ಹರಿದೊಡನೆ ಅವು ಸಿಡಿದು ದಟ್ಟ ಹೊಗೆ ಉಗುಳಬಹುದು. ಪ್ಲಗ್ ತೆಗೆದ ಮೇಲೂ ಈ ಘಟಕದೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಆದ್ದರಿಂದ ಅದನ್ನು ವಿದ್ಯಾರ್ಥಿಗಳು ಬಿಚ್ಚಬಾರದು. ಈ ಕೆಲಸವನ್ನು ತಿಳಿದ ತಂತ್ರಜ್ಞರಿಗೇ ಬಿಡಬೇಕು. ನಮ್ಮ ಯಂತ್ರದ ಆ ಕೆಪಾಸಿಟರ್‌ಗಳನ್ನು ನಮ್ಮ ಹಿರಿಯ ಎಂಜಿನಿಯರರೊಬ್ಬರು ಬದಲಿಸಿಕೊಟ್ಟರು.

ಅಪರಿಚಿತ ಸ್ವಿಚ್ಚಿನ ವಿಷಯದಲ್ಲೂ ಇದೇ ನಿಯಮ. ಅದು ಏನು ಮಾಡುತ್ತದೆಂದು ತಿಳಿಯುವವರೆಗೆ, ಯಂತ್ರ ಚಾಲೂ ಇದ್ದಾಗ ಅದನ್ನು ಒತ್ತಬೇಡಿ. ಅದು ಈಗ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಮೊದಲು ಬರೆದುಕೊಳ್ಳಿ.

ಪ್ಲಗ್ ತೆಗೆದ ಸ್ಥಿತಿಯಲ್ಲಿ ಮುಚ್ಚಳ ಬಿಚ್ಚಿದೆವು. ಬಿಬಿಸಿ ಮೈಕ್ರೋದಲ್ಲಿ ಅದಕ್ಕಿರುವುದು ನಾಲ್ಕು ತಿರುಪು: ಹಿಂದೆ ಎರಡು, ತಳದಲ್ಲಿ ಎರಡು. ಒಳಗಿನ ಯಾವುದನ್ನೂ ಮುಟ್ಟುವ ಮುನ್ನ ಎಲ್ಲ ಕೋನಗಳಿಂದ ಛಾಯಾಚಿತ್ರ ತೆಗೆದೆವು. ನಂತರ ಒಂದು ದೊಡ್ಡ ಹಾಳೆಯಲ್ಲಿ ನಕ್ಷೆ ಬರೆದೆವು: ಯಾವ ತಂತಿ, ಯಾವ ಬಣ್ಣ, ಎಲ್ಲಿಂದ ಎಲ್ಲಿಗೆ. ಚಿತ್ರ ಕಣ್ಣಿಗೆ ಕಂಡದ್ದನ್ನೆಲ್ಲ ಹಿಡಿದಿಡುತ್ತದೆ. ನಕ್ಷೆ ಬರೆಯುವಾಗ ಮಾತ್ರ ನಾವು ಪ್ರತಿಯೊಂದನ್ನೂ ನಿಜವಾಗಿ ನೋಡುತ್ತೇವೆ.

ಲಿವರ್ ಇರುವ ಸಾಕೆಟ್ಟಿನಲ್ಲಿ ಒಂದು ಚಿಪ್ ಇತ್ತು. ಅದರ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ. ಅದನ್ನು ಮುಚ್ಚಿದ್ದ ಕಾಗದದ ಚೀಟಿಯ ಅಂಟು ಬಿಟ್ಟು ಅರ್ಧ ಎದ್ದಿತ್ತು. ಇದು ಇಪ್ರಾಮ್. ಇದರಲ್ಲಿ ಬರೆದದ್ದನ್ನು ಅಳಿಸುವುದು ಅತಿನೇರಳೆ ಬೆಳಕಿನಿಂದ, ಆ ಗಾಜಿನ ಮೂಲಕ. ಟ್ಯೂಬ್‌ಲೈಟಿನ ಬೆಳಕಿಗೆ ಅಳಿಯಲು ಸುಮಾರು ಮೂರು ವರ್ಷ ಬೇಕು. ನೇರ ಬಿಸಿಲಾದರೆ ಸುಮಾರು ಒಂದು ವಾರ ಸಾಕು. ಸ್ಟುಡಿಯೋ ದೀಪಗಳಡಿ ಅದನ್ನು ತೆರೆದಿಡುವ ಧೈರ್ಯ ನನಗಾಗಲಿಲ್ಲ. ಹಳೆಯ ಚೀಟಿಯನ್ನು ಕೀಳದೆ, ಅದರ ಮೇಲೆಯೇ ಬೆಳಕು ತೂರದ ಕಪ್ಪು ಪಟ್ಟಿ ಅಂಟಿಸಿದೆವು.

ಚಿಪ್‌ನ ಹಲ್ಲು ಎಣಿಸುವುದು

ಎತ್ತಿನ ಹಲ್ಲಿನಂತೆ ಚಿಪ್‌ಗೂ ವಯಸ್ಸು ಹೇಳುವ ಗುರುತಿದೆ. ಅದರ ಬೆನ್ನ ಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ ವರ್ಷ, ಕೊನೆಯ ಎರಡು ಅಂಕಿ ಆ ವರ್ಷದ ವಾರ. 8223 ಎಂದಿದ್ದರೆ 1982ರ 23ನೆಯ ವಾರದಲ್ಲಿ, ಅಂದರೆ ಜೂನ್ ತಿಂಗಳಲ್ಲಿ ತಯಾರಾದದ್ದು. ಆದರೆ ಎಚ್ಚರ! 7438 ಎಂಬುದು 1974ನೆಯ ಇಸವಿಯಲ್ಲ, ಅದು ಚಿಪ್‌ನ ಜಾತಿಯ ಹೆಸರು. 74ರಿಂದ ಆರಂಭವಾಗುವ ಹೆಸರಿನ ಚಿಪ್‌ಗಳು ಆ ಕಾಲದ ಫಲಕಗಳ ತುಂಬ ಇವೆ. ಹೆಸರು ಯಾವುದು, ದಿನಾಂಕ ಯಾವುದು ಎಂದು ಬಿಡಿಸಿಕೊಂಡು ಓದಬೇಕು.

ನಮ್ಮ ಯಂತ್ರದ ತಳದಲ್ಲಿದ್ದ ಚೀಟಿಯಲ್ಲಿ 'ಮಾಡೆಲ್ ಎ' ಎಂದಿತ್ತು. ಮಾಡೆಲ್ ಎ ಎಂದರೆ 16 ಕಿಲೋಬೈಟ್ ರ‍್ಯಾಮ್ ಇದ್ದ ಅಗ್ಗದ ಮಾದರಿ. ಅದಕ್ಕೆ 8 ಮೆಮೊರಿ ಚಿಪ್‌ಗಳು ಸಾಕು. ಇದರಲ್ಲಿ 16 ಇದ್ದವು. ಮೊದಲ ಎಂಟರ ಮೇಲೆ 1982ರ ಗುರುತು. ಉಳಿದ ಎಂಟು ಬೇರೆ ಕಂಪನಿಯವು, 1983ರವು. ಅವುಗಳ ಬೆಸುಗೆ ಒಂದೊಂದು ಒಂದೊಂದು ಗಾತ್ರ. ಸುತ್ತಲೂ ಒರೆಸದೆ ಬಿಟ್ಟ ಕಂದು ರಾಳದ ಕಲೆ. ಕಾರ್ಖಾನೆಯಲ್ಲಿ ಇಡೀ ಫಲಕವನ್ನು ಕರಗಿದ ಬೆಸುಗೆಯ ಅಲೆಯ ಮೇಲೆ ಹಾಯಿಸುವುದರಿಂದ ಎಲ್ಲ ಬಿಂದುಗಳೂ ಒಂದೇ ಬಗೆಯಾಗಿ ಹೊಳೆಯುತ್ತವೆ. ಕೈಬೆಸುಗೆ ಕೈಬರಹದಂತೆ, ಗುರುತು ಸಿಕ್ಕಿಬಿಡುತ್ತದೆ.

ಹಾಗಾದರೆ ಮೊದಲ ಮಾರ್ಪಾಡು ತಿಳಿಯಿತು. ಯಾರೋ ಮಾಡೆಲ್ ಎ ಕೊಂಡು, ಬಿಡಿಭಾಗ ಸೇರಿಸಿ ಅದನ್ನು ಮಾಡೆಲ್ ಬಿ ಮಾಡಿಕೊಂಡಿದ್ದಾರೆ. ಏಕೆ? ಮಾರುಕಟ್ಟೆಗೆ ಬಂದ ಕೆಲವೇ ಕಾಲದಲ್ಲಿ ಮಾಡೆಲ್ ಎ ಬೆಲೆ 299 ಪೌಂಡ್, ಬಿ ಬೆಲೆ 399 ಪೌಂಡ್ ಆಗಿತ್ತು. ಒಟ್ಟಿಗೆ ನೂರು ಪೌಂಡ್ ಹೆಚ್ಚು ಕೊಡಲಾಗದವರು ಚಿಕ್ಕದನ್ನು ಕೊಂಡು ನಿಧಾನವಾಗಿ ಬೆಳೆಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಒಂದಂಕಣದ ಮನೆ ಕಟ್ಟಿ, ಕೈಯಲ್ಲಿ ಕಾಸಾದಾಗ ಇನ್ನೊಂದು ಕೋಣೆ ಸೇರಿಸುವುದಿಲ್ಲವೇ, ಹಾಗೆ.

ಒಂದು ಮಾತು ಇಲ್ಲಿ ಹೇಳಬೇಕು. ವಿಚಿತ್ರವಾಗಿ ಕಂಡದ್ದೆಲ್ಲ ಹವ್ಯಾಸಿಗಳ ಕೆಲಸವೆಂದು ತಿಳಿಯಬಾರದು. ಬ್ರಿಟನ್ನಿನದೇ ಆದ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರ್ 1982ರಲ್ಲಿ ಬಂದಾಗ, ಅದರ ಮೊದಲ ಆವೃತ್ತಿಯ ಫಲಕದಲ್ಲಿ ಒಂದು ಚಿಪ್ ಬೆನ್ನಡಿಯಾಗಿ, ಕಾಲುಗಳನ್ನು ಮೇಲೆತ್ತಿಕೊಂಡು ಮಲಗಿತ್ತು. ಹವ್ಯಾಸಿಗಳು ಅದನ್ನು 'ಸತ್ತ ಜಿರಲೆ' ಎಂದು ಕರೆದರು. ಅದನ್ನು ಅಂಟಿಸಿದವರು ಕಾರ್ಖಾನೆಯವರೇ. ಮುಖ್ಯ ಚಿಪ್‌ನ ವಿನ್ಯಾಸದಲ್ಲಿ ಉಳಿದಿದ್ದ ದೋಷವನ್ನು ಸರಿಪಡಿಸಲು ಅವರು ಕಂಡುಕೊಂಡ ದಾರಿ ಅದು. ಆ ಜಿರಲೆಯನ್ನು ಕಿತ್ತು 'ಶುಚಿ' ಮಾಡಿದರೆ ಯಂತ್ರದ ಗತಿ ಏನಾದೀತು, ನೀವೇ ಊಹಿಸಿ. ಆದ್ದರಿಂದ ಫಲಕದ ಮೇಲೆ ಅಚ್ಚಾಗಿರುವ ಆವೃತ್ತಿ ಸಂಖ್ಯೆಯನ್ನು ಗುರುತಿಸಿ, ಅದೇ ಆವೃತ್ತಿಯ ಮಂಡಲ ನಕ್ಷೆಯೊಡನೆ ಹೋಲಿಸಬೇಕು.

ನೀಲಿ ತಂತಿಯ ಬೆನ್ನು ಹತ್ತಿ

ಈಗ ನಮ್ಮ ಮುಖ್ಯ ಒಗಟಿಗೆ ಬರೋಣ. ಕೀಲಿಮಣೆಯನ್ನು ಎತ್ತಿ ಪಕ್ಕಕ್ಕಿಟ್ಟಾಗ ಬಲಗಡೆ ಆ ನಾಲ್ಕು ಸಾಕೆಟ್‌ಗಳು ಕಂಡವು. ಒಂದರಲ್ಲಿ ಬೇಸಿಕ್, ಇನ್ನೊಂದರಲ್ಲಿ ಡಿಸ್ಕ್ ತಂತ್ರಾಂಶ. ಮೂರನೆಯದರಿಂದ ಒಂದು ಪಟ್ಟಿ ತಂತಿ ಲಿವರ್ ಸಾಕೆಟ್ಟಿಗೆ ಹೋಗಿತ್ತು. ನಾಲ್ಕನೆಯದರಲ್ಲಿ ಕೂತಿದ್ದ ಚಿಪ್‌ನ ಎರಡು ಕಾಲುಗಳು ಸಾಕೆಟ್ಟಿಗೆ ಇಳಿಯದೆ ಹೊರಕ್ಕೆ ಬಾಗಿದ್ದವು. ನೀಲಿ ತಂತಿ ಹೊರಟದ್ದು ಅವುಗಳಲ್ಲೊಂದರಿಂದ.

ಚಿಪ್‌ನ ಹೆಸರು 6264. ದಿನಾಂಕ 8619, ಅಂದರೆ 1986ರ ಮೇ ತಿಂಗಳು. ತಯಾರಾಗುವ ಮೊದಲೇ ಅದನ್ನು ಯಾರೂ ಜೋಡಿಸಿರಲಾರರು. ಆದ್ದರಿಂದ ಈ ಮಾರ್ಪಾಡು 1986ರ ಮೇ ನಂತರದ್ದು. ದಿನಾಂಕದ ಗುರುತು 'ಇದಕ್ಕಿಂತ ಹಿಂದಿನದಲ್ಲ' ಎಂದು ಹೇಳುತ್ತದೆಯೇ ಹೊರತು 'ಇದೇ ದಿನ' ಎಂದು ಹೇಳುವುದಿಲ್ಲ. ಇತಿಹಾಸದ ವಿದ್ಯಾರ್ಥಿಗಳಿಗೆ ಈ ತರ್ಕ ಪರಿಚಿತ. ಮಡಕೆಯೊಳಗೆ ಸಿಕ್ಕ ನಾಣ್ಯ, ಆ ಮಡಕೆಯನ್ನು ಹೂತದ್ದು ನಾಣ್ಯ ಟಂಕಿಸಿದ ಮೇಲೆಯೇ ಎಂದು ತಿಳಿಸುತ್ತದೆ.

6264 ಎಂದರೆ 8 ಕಿಲೋಬೈಟ್‌ನ ರ‍್ಯಾಮ್. ಓದಲು ಮಾತ್ರ ಇರುವ ರಾಮ್ ಸಾಕೆಟ್ಟಿನಲ್ಲಿ ಬರೆಯಬಲ್ಲ ರ‍್ಯಾಮ್ ಏಕೆ ಬಂತು? ಚಿಪ್‌ನ ಕೈಪಿಡಿ ನೋಡಿದೆವು. ಹೊರಬಾಗಿದ ಕಾಲುಗಳು 26 ಮತ್ತು 27. ಇದರಲ್ಲಿ 27ನೆಯದು 'ಬರೆ' ಎಂಬ ಆಜ್ಞೆಯನ್ನು ಪಡೆಯುವ ಕಾಲು. ಓದುವ ಚಿಪ್‌ಗಾಗಿ ಮಾಡಿದ ಸಾಕೆಟ್ಟಿಗೆ ಆ ಆಜ್ಞೆ ಬರುವುದೇ ಇಲ್ಲ. ಅದನ್ನು ಬೇರೆಡೆಯಿಂದ ತಂತಿ ಎಳೆದು ತರಬೇಕು. 26ನೆಯದು ಚಿಪ್ ಎಚ್ಚರವಾಗಿರಬೇಕೋ ಬೇಡವೋ ಎಂದು ತಿಳಿಸುವ ಕಾಲು. ಸಾಕೆಟ್ಟಿನ ಅದೇ ಜಾಗದಲ್ಲಿ ಒಂದು ವಿಳಾಸ ಗೆರೆ ಇರುವುದರಿಂದ, ಹಾಗೆಯೇ ಚುಚ್ಚಿದ್ದರೆ ಕಿಟಕಿಯ ಅರ್ಧ ಭಾಗದಲ್ಲಿ ಚಿಪ್ ನಿದ್ದೆ ಹೋಗುತ್ತಿತ್ತು. ಅದಕ್ಕೇ ಅದನ್ನು ಎತ್ತಿ ಪಕ್ಕದ 28ನೆಯ ಕಾಲಿಗೆ, ಅಂದರೆ 5 ವೋಲ್ಟ್‌ಗೆ ಬೆಸೆದಿದ್ದರು. ಬೆಸುಗೆ ಒರಟಾಗಿತ್ತು, ನಿಜ. ಆದರೆ ಮಾಡಿದವರಿಗೆ ತಾವು ಏನು ಮಾಡುತ್ತಿದ್ದೇವೆಂದು ಚೆನ್ನಾಗಿ ಗೊತ್ತಿತ್ತು.

ಪ್ಲಗ್ ತೆಗೆದಿದ್ದ ಯಂತ್ರದಲ್ಲಿ ಮಲ್ಟಿಮೀಟರನ್ನು 'ಪೀಂ' ಎಂದು ಸದ್ದು ಮಾಡುವ ಸ್ಥಾನಕ್ಕೆ ತಿರುಗಿಸಿ, ಒಂದು ಮೊನೆಯನ್ನು 27ನೆಯ ಕಾಲಿಗೆ ಮುಟ್ಟಿಸಿದೆವು. ಇನ್ನೊಂದು ಮೊನೆಯಿಂದ ಹುಡುಕುತ್ತ ಹೋದಂತೆ ಹಿಂಬದಿಯ ಸ್ವಿಚ್ಚಿನ ಒಂದು ಬದಿಯಲ್ಲಿ ಸದ್ದು ಬಂತು. ಸ್ವಿಚ್ಚಿನ ಇನ್ನೊಂದು ಬದಿ ಯಂತ್ರದ 'ಬರೆ' ಆಜ್ಞೆಯ ಗೆರೆಗೆ ತಲುಪಿತ್ತು. ಒಗಟಿನ ಉತ್ತರ ಹೊಳೆಯಿತು. ಸ್ವಿಚ್ ಒಂದು ಕಡೆಗಿದ್ದರೆ ಈ ಮೆಮೊರಿಯಲ್ಲಿ ಬರೆಯಬಹುದು. ಇನ್ನೊಂದು ಕಡೆಗಿದ್ದರೆ ಬರೆದದ್ದಕ್ಕೆ ಬೀಗ.

ಆದರೆ ಇದು ಇನ್ನೂ ಊಹೆ. ಪರೀಕ್ಷೆಗೆ ಒಡ್ಡದ ಊಹೆಯನ್ನು ವಿಜ್ಞಾನ ಒಪ್ಪುವುದಿಲ್ಲ.

ಯಂತ್ರವನ್ನೇ ಕೇಳೋಣ

ಈಗ ವಿದ್ಯುತ್ ಕೊಟ್ಟೆವು. ಬಿಬಿಸಿ ಮೈಕ್ರೋ ಆರೋಗ್ಯವಾಗಿದ್ದರೆ ಮೊದಲು ಒಂದು ಗಡಸು ಸದ್ದು, ಹಿಂದೆಯೇ ಚಿಕ್ಕದೊಂದು 'ಬೀಪ್' ಕೇಳಿಸುತ್ತದೆ. ಎರಡೂ ಕೇಳಿಸಿದವು. ಪರದೆಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಎಂದು ಮೂಡಿತು. ಮಾಡೆಲ್ ಎ ಎಂಬ ಚೀಟಿ ಹೊತ್ತ ಯಂತ್ರ 16 ಎನ್ನಬೇಕಿತ್ತು. ನಮ್ಮ ಮೊದಲ ತೀರ್ಮಾನಕ್ಕೆ ಯಂತ್ರವೇ ಸಾಕ್ಷಿ ಹೇಳಿತು.

ಬಳಿಕ ಒಂದೊಂದೇ ಪ್ರಶ್ನೆ ಕೇಳಿದೆವು. ಯಂತ್ರ ಏಳುತ್ತಲೇ 'ರಿಪೋರ್ಟ್' ಎಂದು ಟೈಪ್ ಮಾಡಿದರೆ ಬೇಸಿಕ್ ಭಾಷೆಯ ಹಕ್ಕುಸ್ವಾಮ್ಯದ ವರ್ಷ ಬರುತ್ತದೆ. 1981 ಎಂದರೆ ಮೊದಲ ಆವೃತ್ತಿ, 1982 ಎಂದರೆ ಎರಡನೆಯದು. ನಮಗೆ 1982 ಬಂತು.

ಆಮೇಲೆ 'ಪೇಜ್' ಎಂಬುದರ ಬೆಲೆಯನ್ನು ಹದಿನಾರರ ಮೂಲದ ಸಂಖ್ಯೆಯಲ್ಲಿ ಮುದ್ರಿಸಲು ಕೇಳಿದೆವು. ನಾವು ಬರೆಯುವ ಕಾರ್ಯಕ್ರಮ ಮೆಮೊರಿಯಲ್ಲಿ ಎಲ್ಲಿಂದ ಆರಂಭವಾಗುತ್ತದೆಂದು ಅದು ತಿಳಿಸುತ್ತದೆ. ಕ್ಯಾಸೆಟ್ ಮಾತ್ರ ಇರುವ ಯಂತ್ರದಲ್ಲಿ ಉತ್ತರ ಇ00. ಡಿಸ್ಕ್ ತಂತ್ರಾಂಶವಿದ್ದರೆ ಅದು ತನಗಾಗಿ ಒಂದಿಷ್ಟು ಜಾಗ ಹಿಡಿಯುವುದರಿಂದ 1900. ನಮಗೆ ಬಂದದ್ದು 1900. ಡಿಸ್ಕ್ ಡ್ರೈವ್ ಜೊತೆಗೆ ಇಲ್ಲದಿದ್ದರೂ, ಹಿಂದೆ ಇತ್ತೆಂಬ ಕುರುಹು ಸಂಖ್ಯೆಯಲ್ಲೇ ಉಳಿದಿತ್ತು.

ಮುಂದೆ ಪರದೆಯನ್ನು 'ಮೋಡ್ 0'ಕ್ಕೆ ಬದಲಿಸಿ 'ಹೈಮೆಮ್' ಬೆಲೆ ಕೇಳಿದೆವು. ಈ ಮೋಡ್‌ನಲ್ಲಿ ಚಿತ್ರಕ್ಕೇ 20 ಕಿಲೋಬೈಟ್ ಬೇಕಾದ್ದರಿಂದ ಸಾಧಾರಣ ಯಂತ್ರದಲ್ಲಿ ಉತ್ತರ 3000. ಹವ್ಯಾಸಿಗಳು ಚಿತ್ರಕ್ಕಾಗಿ ಪ್ರತ್ಯೇಕ ಮೆಮೊರಿಯ ಫಲಕ ಸೇರಿಸಿ ಅದನ್ನು ಚಾಲೂ ಮಾಡಿದ್ದರೆ 8000. ನಮಗೆ 3000 ಬಂತು. ಅಂಥ ಫಲಕ ಇಲ್ಲವೆಂಬುದನ್ನು ಕಣ್ಣಾರೆಯೂ ನೋಡಿದ್ದೆವು. ಇಲ್ಲದ್ದನ್ನು ಇಲ್ಲವೆಂದು ಖಚಿತಪಡಿಸಿಕೊಳ್ಳುವುದೂ ಒಂದು ಫಲಿತಾಂಶವೇ. ಈಗ ಒಂದು ಪುಟ್ಟ ಲೆಕ್ಕ ಮಾಡಿ. 3000ರಿಂದ 1900 ಕಳೆದರೆ ಹದಿನಾರರ ಮೂಲದಲ್ಲಿ 1700, ಅಂದರೆ ನಮ್ಮ ಲೆಕ್ಕದಲ್ಲಿ 5,888 ಬೈಟ್. ಡಿಸ್ಕ್ ಜೋಡಿಸಿ, ಚೆಂದದ ಚಿತ್ರ ಬರೆಯಹೊರಟವರಿಗೆ ಕಾರ್ಯಕ್ರಮಕ್ಕೆ ಉಳಿಯುತ್ತಿದ್ದುದು ಇಷ್ಟೇ. ಆ ನೀಲಿ ತಂತಿಯ ಹಿಂದಿನ ಹಸಿವು ಈಗ ಅರ್ಥವಾಗುತ್ತದೆ.

ಕೊನೆಗೆ ನಕ್ಷತ್ರ ಚಿಹ್ನೆಯ ಜೊತೆಗೆ 'ಹೆಲ್ಪ್' ಎಂದೆವು. ಈ ಆಜ್ಞೆಗೆ ಸಾಕೆಟ್‌ಗಳಲ್ಲಿರುವ ತಂತ್ರಾಂಶಗಳು ತಮ್ಮ ಹೆಸರು ಹೇಳುತ್ತವೆ, ಹಾಜರಿ ಕರೆದಂತೆ. ಡಿಸ್ಕ್ ತಂತ್ರಾಂಶ ಹೆಸರು ಹೇಳಿತು. ಮೂಲ ತಂತ್ರಾಂಶ ತನ್ನ ಆವೃತ್ತಿ ಹೇಳಿತು. ಇವೆರಡರ ಜೊತೆಗೆ ಯಾವ ಅಂಗಡಿಯ ಪಟ್ಟಿಯಲ್ಲೂ ನಾವು ಕಾಣದ ಇನ್ನೊಂದು ಹೆಸರು ಮೂಡಿತು: 'ಲ್ಯಾಬ್ 3'. ಕಪ್ಪು ಪಟ್ಟಿ ಅಂಟಿಸಿ ಕಾಪಾಡಿದ್ದ ಆ ಇಪ್ರಾಮ್ ಮಾತಾಡಿತ್ತು.

ನೀಲಿ ತಂತಿಯ ಊಹೆಯನ್ನು ಪರೀಕ್ಷಿಸಲು ಯಂತ್ರಭಾಷೆಯಲ್ಲಿ ಒಂದು ಪುಟ್ಟ ಕಾರ್ಯಕ್ರಮ ಬರೆದೆವು. ಅದು ನಾಲ್ಕನೆಯ ಸಾಕೆಟ್ಟನ್ನು ಕಿಟಕಿಗೆ ತಂದು, ಒಂದು ಸಂಖ್ಯೆ ಬರೆದು, ಅದನ್ನೇ ಮತ್ತೆ ಓದಿ ಹೇಳುತ್ತದೆ. ಸ್ವಿಚ್ ಕೆಳಗಿದ್ದಾಗ 85 ಬರೆದೆವು, 85 ಎಂದೇ ಓದಿತು. ಸ್ವಿಚ್ ಮೇಲೆ ಮಾಡಿ 170 ಬರೆದೆವು. ಓದಿದರೆ ಇನ್ನೂ 85! ಬೀಗ ಬಿದ್ದಿತ್ತು. ಮತ್ತೆ ಸ್ವಿಚ್ ಇಳಿಸಿ ಬರೆದಾಗ 170 ಬಂತು. ಊಹೆ ಗೆದ್ದಿತು.

ಇನ್ನೊಂದು ಮಾರ್ಪಾಡನ್ನು ಪತ್ತೆ ಮಾಡಿದ್ದು ನಮ್ಮ ಟಿ.ವಿ. ಮಾನಿಟರ್. ಈ ಯಂತ್ರದ ಹಿಂಬದಿಯ ವೀಡಿಯೋ ಮಳಿಗೆ ಕಾರ್ಖಾನೆಯಿಂದ ಬರುವಾಗ ಕಪ್ಪು-ಬಿಳುಪು ಚಿತ್ರ ಮಾತ್ರ ಕೊಡುತ್ತದೆ. ಫಲಕದ ಒಂದು ಕೊಂಡಿಯನ್ನು ಜೋಡಿಸಿದರೆ ಬಣ್ಣ ಬರುತ್ತದೆ. ನಮ್ಮ ಮಾನಿಟರಿನಲ್ಲಿ ಕೆಂಪು, ಹಸಿರು ಸೊಗಸಾಗಿ ಮೂಡಿದವು. ಹೋಗಿ ನೋಡಿದರೆ ಆ ಕೊಂಡಿಯ ಮೇಲೆ ಒಂದು ಹನಿ ಬೆಸುಗೆ ಇತ್ತು.

ಹೊಗೆಯಿಂದ ಬೆಂಕಿಗೆ

ಇಪ್ರಾಮ್ ಓದುವ ಸಾಧನದಿಂದ 'ಲ್ಯಾಬ್ 3'ರ ಪ್ರತಿ ತೆಗೆದು ಕಾಪಿಟ್ಟೆವು. ಇಪ್ರಾಮ್‌ನ ನೆನಪೂ ದಶಕಗಳಲ್ಲಿ ಮಾಸುವಂಥದು. ಅದರೊಳಗೆ ಓದಬಹುದಾದ ಕೆಲವು ವಾಕ್ಯಗಳಿದ್ದವು: ಉಷ್ಣತೆ ಎಷ್ಟು, ಎಷ್ಟು ಸೆಕೆಂಡಿಗೊಮ್ಮೆ ಓದಬೇಕು, ನಕ್ಷೆ ಬರೆಯಲೇ? ಬಿಬಿಸಿ ಮೈಕ್ರೋದ ಹಿಂಬದಿಯಲ್ಲಿ ವೋಲ್ಟೇಜನ್ನು ಸಂಖ್ಯೆಯಾಗಿ ಬದಲಿಸುವ ಒಂದು ಮಳಿಗೆ ಇದೆ. ಉಷ್ಣತೆ ಅಳೆಯುವ ಸಾಧನವನ್ನು ಅದಕ್ಕೆ ಜೋಡಿಸಬಹುದು.

ತರ್ಕಶಾಸ್ತ್ರದಲ್ಲಿ ಅನುಮಾನ ಎಂದರೆ ಸಂಶಯವಲ್ಲ. ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು, ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ತಿಳಿದಂತೆ. ಈಗ ನಮ್ಮ ಅನುಮಾನ ಹೀಗಿದೆ. ಕೈಯಲ್ಲಿ ಹೆಚ್ಚು ದುಡ್ಡಿಲ್ಲದ ಒಬ್ಬರು ಚಿಕ್ಕ ಮಾದರಿಯನ್ನು ಕೊಂಡು ಬೆಳೆಸಿದರು. ಪ್ರಯೋಗಾಲಯದಲ್ಲಿ ಉಷ್ಣತೆ ಅಳೆದು ನಕ್ಷೆ ಬರೆಯಲು ತಾವೇ ತಂತ್ರಾಂಶ ರಚಿಸಿದರು. ಬರೆದದ್ದನ್ನು ಮೊದಲು ಆ ರ‍್ಯಾಮ್‌ನಲ್ಲಿ ತುಂಬಿ, ಸ್ವಿಚ್ಚಿನಿಂದ ಬೀಗ ಹಾಕಿ, ರಾಮ್‌ನಂತೆ ನಡೆಸಿ ನೋಡಿದರು. ತಪ್ಪಿದ್ದರೆ ಬೀಗ ತೆಗೆದು ತಿದ್ದಿದರು. ಸರಿಯಾದ ಮೇಲೆ ಇಪ್ರಾಮ್‌ಗೆ ಬರೆದು ಲಿವರ್ ಸಾಕೆಟ್ಟಿಗೆ ಕೂರಿಸಿದರು. ಹೆಸರಿನಲ್ಲಿ 3 ಇದೆಯೆಂದರೆ ಅದಕ್ಕೂ ಮೊದಲು ಎರಡು ಇದ್ದಿರಬೇಕು. ತಂತಿ, ಸ್ವಿಚ್, ಸಾಕೆಟ್ಟು ಬೇರೆಬೇರೆ ಮೂರು ವಿಚಿತ್ರಗಳಾಗಿ ಕಂಡಿದ್ದವು. ಅವು ಒಂದೇ ಕೆಲಸದ ಮೂರು ಹೆಜ್ಜೆಗಳಾಗಿದ್ದವು.

ಅವರು ಶಿಕ್ಷಕರೋ, ವಿದ್ಯಾರ್ಥಿಯೋ, ಗಂಡಸೋ, ಹೆಂಗಸೋ, ಯಾವ ಊರಿನವರೋ ಯಂತ್ರ ಹೇಳಲಿಲ್ಲ. ಗುಜರಿಯವರು ಹೇಳಿದ ಶಾಲೆಯ ಮಾತಿಗೂ ಅದರ ಹೊಟ್ಟೆಯಲ್ಲಿ ಸಾಕ್ಷಿ ಸಿಗಲಿಲ್ಲ. ಸಿಗದ್ದನ್ನು ಸಿಕ್ಕಿದೆಯೆಂದು ನಾವು ಕಾರ್ಯಕ್ರಮದಲ್ಲಿ ಹೇಳಲಿಲ್ಲ.

ನಿಮ್ಮ ಕೈಗೂ ಇಂಥದೊಂದು ಯಂತ್ರ ಬರಬಹುದು. ಕಂಪ್ಯೂಟರೇ ಆಗಬೇಕೆಂದಿಲ್ಲ, ತಾತನ ರೇಡಿಯೋ ಆಗಬಹುದು, ಪ್ರಯೋಗಾಲಯದ ಹಳೆಯ ಉಪಕರಣವಾಗಬಹುದು. ಕ್ರಮ ಒಂದೇ. ನೋಡಿ, ಚಿತ್ರ ತೆಗೆಯಿರಿ, ನಕ್ಷೆ ಬರೆಯಿರಿ, ಮೂಲದೊಡನೆ ಹೋಲಿಸಿ, ಊಹಿಸಿ, ಪರೀಕ್ಷಿಸಿ. ಅಪಾಯವಿರುವುದನ್ನು ಮಾತ್ರ ತಿಳಿದವರಿಂದ ಕೂಡಲೇ ತೆಗೆಸಿ. ಉಳಿದದ್ದನ್ನು ಅದರ ಕಾರಣ ತಿಳಿಯುವವರೆಗೆ ಕೀಳಬೇಡಿ. ತಿಳಿದ ಮೇಲೆ ಕೀಳಬೇಕೆನ್ನಿಸುವುದು ಕಡಿಮೆ.

ಚಿತ್ರೀಕರಣ ಮುಗಿದ ಸಂಜೆ ಒಂದು ಕಾಗದದಲ್ಲಿ ನಾವು ಕಂಡದ್ದನ್ನೆಲ್ಲ ಬರೆದೆವು. ನೀಲಿ ತಂತಿ ಎಲ್ಲಿಂದ ಎಲ್ಲಿಗೆ, ಸ್ವಿಚ್ ಏನು ಮಾಡುತ್ತದೆ, ನಾವು ಬದಲಿಸಿದ ಕೆಪಾಸಿಟರ್‌ಗಳು ಯಾವುವು, ಇಂದಿನ ದಿನಾಂಕ. ತಂತಿ ಕೀಳೋಣವೆಂದಿದ್ದ ಸಹೋದ್ಯೋಗಿಯೇ ಅದನ್ನು ಮಡಿಸಿ ಮುಚ್ಚಳದ ಒಳಮೈಗೆ ಅಂಟಿಸಿ, ನಾಲ್ಕು ತಿರುಪುಗಳನ್ನು ಬಿಗಿದರು. ಮುಂದೆ ಇದನ್ನು ಬಿಚ್ಚುವವರಿಗೆ ನಮ್ಮಷ್ಟು ಕಷ್ಟವಾಗದು.